ನನ್ನ ಎರಡು ಸೊನ್ನೆ, ದೊಡ್ಡಪ್ಪನ ಎಪ್ಪತ್ತು ಕೆಜಿ ಗೂಡು

ಹೊರಗಿನಿಂದ ಬಂದಿದ್ದ ಎಕ್ಸಾಮಿನರ್ ನಮ್ಮ ಮಿನಿ ಪ್ರಾಜೆಕ್ಟ್ ನೋಡಿದ್ದು ಹೆಚ್ಚೆಂದರೆ ಎರಡು ನಿಮಿಷ. ಅದರಲ್ಲಿ ಒಂದೂವರೆ ನಿಮಿಷ ನಾವು ಹೇಳಿದ ಕಡೆಯೆಲ್ಲಾ ಕ್ಲಿಕ್ ಮಾಡಿದರು, ಎಲ್ಲಾ ಚೆನ್ನಾಗೇ ಓಡ್ತು. ಆಮೇಲೆ ಸುಮ್ಮನಿರದೆ ಅಡ್ರೆಸ್ ಬಾರ್‌ಗೆ ಹೋಗಿ, ರೈತರ ನಂಬರ್ 12 ಇದ್ದ ಕಡೆ 9999 ಅಂತ ಹೊಡೆದು ಎಂಟರ್ ಒತ್ತಿದರು. ಜಾಂಗೋ ಕಲಿತವರಿಗೆಲ್ಲಾ ಗೊತ್ತಿರೋ ಆ ಹಳದಿ ಪೇಜ್ ಪರದೆ ತುಂಬಾ ಬಂತು. "ಡಸ್ ನಾಟ್ ಎಕ್ಸಿಸ್ಟ್." ಅದರ ಕೆಳಗೆ ನನ್ನ ಕೋಡಿನ ಸಾಲು, ನನ್ನ ಫೋಲ್ಡರ್ ಹೆಸರು, ಎಲ್ಲಾ ಬೆತ್ತಲೆ.

"ಇಲ್ಲದ ರೈತ ಬಂದ್ರೆ ಏನ್ರಿ ಮಾಡ್ತೀರ?" ಅಂದರು.

"ಸರ್, ಇಲ್ಲದ ರೈತ ಯಾಕ್ ಬರ್ತಾರೆ ಸರ್?" ಅಂದೆ. ಆ ಉತ್ತರಕ್ಕೆ ಎಷ್ಟು ಮಾರ್ಕ್ಸ್ ಹೋಯಿತು ಅಂತ ಈಗ ಹೇಳೋದು ಬೇಡ.

ನಮ್ಮ ಟೀಮ್ ಬಗ್ಗೆ ಮೊದಲು ಹೇಳಿಬಿಡ್ತೀನಿ. ಹಾಸ್ಟೆಲಲ್ಲಿ ಹೆಸರಿಗಿಂತ ಊರೇ ಹೆಸರು ಅನ್ನೋದು ನಿಮಗೂ ಗೊತ್ತು. ನಾನು ಶಿಡ್ಲಘಟ್ಟ. ಉಳಿದ ಮೂವರು ಗೌರಿಬಿದನೂರು, ಚಿಂತಾಮಣಿ, ಚಿಕ್ಕಬಳ್ಳಾಪುರ. ಒಂದೇ ಜಿಲ್ಲೆಯ ನಾಲ್ಕು ತಾಲ್ಲೂಕು ಒಂದೇ ಬೆಂಚಲ್ಲಿ ಕೂತಿದ್ವಿ. ಐದನೇ ಸೆಮಿನ ಡಿಬಿಎಂಎಸ್ ಲ್ಯಾಬಿಗೆ ಎಲ್ಲರೂ ಲೈಬ್ರರಿ ಮ್ಯಾನೇಜ್‌ಮೆಂಟ್, ಹಾಸ್ಪಿಟಲ್ ಮ್ಯಾನೇಜ್‌ಮೆಂಟ್ ಅಂತ ಮಾಡ್ತಿದ್ದಾಗ ನಾವು ರೇಷ್ಮೆ ಗೂಡಿನ ದರ ತೋರಿಸೋ ಸೈಟ್ ಮಾಡಿದ್ವಿ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ದರ ನಾನು ದಿನಾ ಅಪ್ಪನಿಗೆ ಫೋನ್ ಮಾಡಿ ಕೇಳಿ ತುಂಬಬೇಕು. ಚಿಕ್ಕಬಳ್ಳಾಪುರದವನ ಮಾವ ರಾಮನಗರದಲ್ಲಿ ರೀಲರ್, ಅಲ್ಲಿನ ದರ ಅವನ ಜವಾಬ್ದಾರಿ. ಗೌರಿಬಿದನೂರಿನವಳು ರೈತರ ಹುಡುಕಾಟದ ಪೇಜ್ ಬರೆದಳು. ಚಿಂತಾಮಣಿ ಗ್ರಾಫು, ಬಣ್ಣ, ಡಿಸೈನು.

ರೇಷ್ಮೆ ಮನೆಯಲ್ಲಿ ಬೆಳೆಯದವರಿಗೆ ಒಂದು ಮಾತು ಹೇಳಲೇಬೇಕು. ಹುಳ ಹಣ್ಣಾಗಿ ಚಂದ್ರಿಕೆ ಮೇಲೆ ಗೂಡು ಕಟ್ಟಿದ ಮೇಲೆ ರೈತನ ಕೈಯಲ್ಲಿ ದಿನಗಳು ಎಣಿಸಿದಷ್ಟೇ. ಗೂಡು ಬಿಡಿಸಬೇಕು, ಮಾರುಕಟ್ಟೆಗೆ ಹಾಕಬೇಕು. ದರ ಏರಲಿ ಅಂತ ರಾಗಿ ಥರ ಮನೇಲಿ ಇಟ್ಕೊಂಡು ಕೂರೋಕಾಗಲ್ಲ. ಚಿಟ್ಟೆ ಗೂಡು ಕೊರೆದು ಹೊರಗೆ ಬಂದರೆ ಆ ಗೂಡಿಂದ ಎಳೆ ಬಿಚ್ಚೋಕೆ ಬರಲ್ಲ. ಹಾಗಾಗಿ "ಯಾವಾಗ ಮಾರೋದು" ಅನ್ನೋ ಪ್ರಶ್ನೆಗೆ ಜಾಗವೇ ಕಮ್ಮಿ. ಇರೋದು "ಎಲ್ಲಿ ಮಾರೋದು" ಅನ್ನೋದೊಂದೇ. ನಮ್ಮ ಕಡೆಯವರು ಸಾಮಾನ್ಯವಾಗಿ ಶಿಡ್ಲಘಟ್ಟಕ್ಕೇ ಹಾಕ್ತಾರೆ. ದರದಲ್ಲಿ ತುಂಬಾ ವ್ಯತ್ಯಾಸ ಕಂಡರೆ ಮೂರ್ನಾಲ್ಕು ಜನ ಸೇರಿ ಗಾಡಿ ಮಾಡ್ಕೊಂಡು ಬೆಂಗಳೂರು ದಾಟಿ, ನೂರು ಕಿಲೋಮೀಟರಿಗೂ ಮೇಲಿರುವ ರಾಮನಗರಕ್ಕೆ ಹೋಗ್ತಾರೆ. ನಮ್ಮ ಸೈಟ್ ಉತ್ತರ ಕೊಡಬೇಕಿದ್ದದ್ದು ಈ ಒಂದು ಪ್ರಶ್ನೆಗೆ.

ವೈವಾ ಮುಗಿದ ರಾತ್ರಿ ನನಗೆ ಹಠ ಬಂತು. ಇನ್ನು ಯಾವನೂ ನಮ್ಮ ಸೈಟಲ್ಲಿ ಹಳದಿ ಪೇಜ್ ನೋಡಬಾರದು. ಅದೇ ವಾರ ಇನ್ನೊಂದು ಅವಾಂತರವೂ ಆಗಿತ್ತು. ಚಿಂತಾಮಣಿ "ಟೆಸ್ಟ್ ಟೆಸ್ಟ್" ಅನ್ನೋ ಹೆಸರಿನ ಸುಳ್ಳು ರೈತನನ್ನು ಡಿಲೀಟ್ ಮಾಡಿದ್ದ. ಆದರೆ ಆ ರೈತನ ಹೆಸರಲ್ಲಿದ್ದ ಒಂದು ಲಾಟು ಹಾಗೇ ಉಳಿದಿತ್ತು. ಲಾಟುಗಳ ಪಟ್ಟಿ ತೆಗೆದಾಗೆಲ್ಲಾ ಆ ಒಂದು ಅನಾಥ ಲಾಟಿನ ಹತ್ತಿರ ಕೋಡು ಎಡವಿ ಬೀಳ್ತಿತ್ತು. ರೈತನ ಜಾಗದಲ್ಲಿ "ನನ್" ಇದೆ, ಅದಕ್ಕೆ ಹೆಸರು ಎಲ್ಲಿಂದ ಬರಬೇಕು? ಒಬ್ಬ ಇಲ್ಲ ಅಂತ ಉಳಿದ ನಲವತ್ತು ಜನರ ಲಾಟೂ ಕಾಣ್ತಿರಲಿಲ್ಲ. ಮದುವೆ ಊಟದಲ್ಲಿ ಒಬ್ಬ ಬಂದಿಲ್ಲ ಅಂತ ಇಡೀ ಪಂಕ್ತಿಯನ್ನೇ ಎಬ್ಬಿಸಿ ಕಳಿಸಿದ ಹಾಗೆ.

ಅವತ್ತು ರಾತ್ರಿ ಎರಡು ಗಂಟೆವರೆಗೆ ಕೂತು ಎಲ್ಲಾ ಕಡೆ ತೇಪೆ ಹಾಕಿದೆ. ಎಲ್ಲಿ ಎಲ್ಲಿ ಡೇಟಾಬೇಸ್ ಮುಟ್ಟೋ ಸಾಲಿದೆಯೋ ಅದಕ್ಕೆಲ್ಲಾ ಟ್ರೈ, ಅದರ ಕೆಳಗೆ ಬರೀ ಎಕ್ಸೆಪ್ಟ್. ಯಾವ ಎರರ್ ಅಂತ ಹೆಸರಿಲ್ಲ, ಏನೇ ಬಂದರೂ ನುಂಗು. ರೈತ ಸಿಗದಿದ್ದರೆ ಖಾಲಿ ಹೆಸರು. ದರ ಸಿಗದಿದ್ದರೆ ಸೊನ್ನೆ. ಗ್ರಾಫಿಗೆ ಏಳು ದಿನದ ತಾರೀಖುಗಳ ಪಟ್ಟಿ ಮಾಡಿ, ಅದಕ್ಕೆ ದರದ ಟೇಬಲನ್ನು ಲೆಫ್ಟ್ ಜಾಯಿನ್ ಮಾಡಿ, ನಲ್ ಬಂದ ಕಡೆ ಕೋಅಲೆಸ್ ಹಾಕಿ ಸೊನ್ನೆ ತುಂಬಿದೆ. ಯಾಕೆ ಸೊನ್ನೆ? ಗೆರೆ ನಡುವೆ ಕಡಿದು ಹೋಗೋದು ಚಿಂತಾಮಣಿಗೆ ಇಷ್ಟ ಇರಲಿಲ್ಲ, ಅಷ್ಟೇ. ಬೆಳಗ್ಗೆ 9999 ಹೊಡೆದು ನೋಡಿದ್ವಿ. ಏನೂ ಬೀಳಲಿಲ್ಲ. ಒಂದು ಖಾಲಿ ಕಾರ್ಡು ನೀಟಾಗಿ ಬಂತು. "ಮಗಾ, ಈಗ ಪ್ರೊಫೆಷನಲ್ ಆಯ್ತು" ಅಂದ ಚಿಂತಾಮಣಿ. ಖುಷೀಲಿ ಲಿಂಕನ್ನು ಊರಿನ ವಾಟ್ಸಾಪ್ ಗುಂಪಿಗೂ ಹಾಕಿಬಿಟ್ಟೆ.

ತಮಾಷೆ ನೋಡಿ. ಅದಕ್ಕೆ ಹದಿನೈದು ದಿನ ಮೊದಲು ಇಂಟರ್ನಲ್ಸಲ್ಲಿ ಕಾಡ್ ಮಹಾಶಯರ ಹನ್ನೆರಡು ನಿಯಮ ಬರೆದು ಒಳ್ಳೆ ಮಾರ್ಕ್ಸ್ ತಗೊಂಡಿದ್ದೆ. 1985ರಲ್ಲಿ ಅವರು ಬರೆದ ಆ ನಿಯಮಗಳಲ್ಲಿ ಮೂರನೆಯದು ಪೂರ್ತಿ ನಲ್ ಬಗ್ಗೆಯೇ. ಗೊತ್ತಿಲ್ಲದ ಮಾಹಿತಿಯನ್ನು ಗೊತ್ತಿಲ್ಲ ಅಂತಲೇ ಇಡೋಕೆ ಡೇಟಾಬೇಸಿನಲ್ಲಿ ಒಂದು ವ್ಯವಸ್ಥೆ ಇರಬೇಕು, ಅದು ಖಾಲಿ ಅಕ್ಷರಸಾಲೂ ಅಲ್ಲ, ಸೊನ್ನೆಯೂ ಅಲ್ಲ. ಇದನ್ನು ಪೇಪರಲ್ಲಿ ಅಂಡರ್‌ಲೈನ್ ಮಾಡಿ ಬರೆದ ಕೈಯೇ ಹೆಸರಿಗೆ ಖಾಲಿ, ದರಕ್ಕೆ ಸೊನ್ನೆ ಹಾಕ್ತು. ಎರಡನ್ನೂ ಒಂದೇ ರಾತ್ರಿ.

ಎರಡನೇ ಇಂಟರ್ನಲ್ಸ್ ಬಂತು. ಎರಡು ದಿನ ನಾನು ಅಪ್ಪನಿಗೆ ಫೋನ್ ಮಾಡಲಿಲ್ಲ. ಅಪ್ಪನೂ ನೆಂಟರ ಮನೆ ಕಾರ್ಯ ಅಂತ ಊರಲ್ಲಿರಲಿಲ್ಲ. ಹಿಂದಿನ ಐದು ದಿನ ಶಿಡ್ಲಘಟ್ಟದ ದರ ಕೆಜಿಗೆ 500, 510, 490, 495, 505 ಅಂತ ತುಂಬಿದ್ದೆ. ಸರಾಸರಿ 500. ಅದಕ್ಕೆ ಎರಡು ಸೊನ್ನೆ ಸೇರಿದವು. 2500ನ್ನು ಏಳರಿಂದ ಭಾಗಿಸಿ, ಬರೋದು 357. ಮುಖಪುಟದಲ್ಲಿ ಶಿಡ್ಲಘಟ್ಟದ ಮುಂದೆ 357, ಕೆಂಪು ಬಣ್ಣ, ಕೆಳಗೆ ತೋರಿಸೋ ಬಾಣ. ಪಕ್ಕದಲ್ಲಿ ರಾಮನಗರ 480, ಹಸಿರು.

ಇನ್ನೂ ಹೊಟ್ಟೆ ಉರಿಯೋ ವಿಷಯ ಏನು ಗೊತ್ತಾ? ನಾನು ಏನೂ ಮಾಡದೇ ಸುಮ್ಮನಿದ್ದಿದ್ದರೆ ಸರಿಯಾದ ಉತ್ತರವೇ ಬರ್ತಿತ್ತು. ಎಸ್‌ಕ್ಯುಎಲ್‌ನ ಸರಾಸರಿ ಫಂಕ್ಷನ್ ನಲ್‌ಗಳನ್ನು ಲೆಕ್ಕಕ್ಕೇ ತಗೊಳ್ಳಲ್ಲ. ಇರೋ ಐದನ್ನು ಕೂಡಿಸಿ ಐದರಿಂದಲೇ ಭಾಗಿಸುತ್ತೆ. ಅದಕ್ಕಿದ್ದ ಬುದ್ಧಿಯನ್ನೂ ನನ್ನ ಕೋಅಲೆಸ್ ಕಿತ್ತುಕೊಂಡಿತ್ತು.

ನಮ್ಮ ಮೂಲೆಮನೆ ದೊಡ್ಡಪ್ಪ ನೂರು ಮೊಟ್ಟೆ ಮೇಯಿಸಿದ್ದರು. ರಕ್ತಸಂಬಂಧ ಅಲ್ಲ, ಊರ ಲೆಕ್ಕದಲ್ಲಿ ದೊಡ್ಡಪ್ಪ. ನಾನು ಇಂಜಿನಿಯರಿಂಗ್ ಸೇರಿದಾಗ ನಮ್ಮಪ್ಪನಿಗಿಂತ ಜಾಸ್ತಿ ಹೇಳಿಕೊಂಡು ತಿರುಗಿದವರು. ಅವರ ಮಗ ಫೋನಲ್ಲಿ ನಮ್ಮ ಸೈಟ್ ತೆಗೆದು ತೋರಿಸಿದ್ದಾನೆ. ಎಪ್ಪತ್ತು ಕೆಜಿ ಗೂಡು. 357 ಎಲ್ಲಿ, 480 ಎಲ್ಲಿ? ಮನೆ ಮನೆಗೆ ಕೇಳೋ ಅಭ್ಯಾಸ ಇದ್ದವರು ಅವತ್ತು ಯಾರನ್ನೂ ಕೇಳಲಿಲ್ಲ, "ನಮ್ಮ ಹುಡುಗನೇ ಮಾಡಿರೋದು" ಅಂತ. ರಾತ್ರಿಯೇ ಗಾಡಿ ಮಾಡ್ಕೊಂಡು ರಾಮನಗರಕ್ಕೆ ಹೋದರು. ಅಲ್ಲಿ ಸಿಕ್ಕಿದ್ದು 470. ಅದೇ ದಿನ ಶಿಡ್ಲಘಟ್ಟದಲ್ಲಿ ನಮ್ಮೂರವರ ಇಂಥದ್ದೇ ಗೂಡು 505ಕ್ಕೆ ಹೋಗಿತ್ತು. ಕೆಜಿಗೆ 35ರಂತೆ 2450 ರೂಪಾಯಿ, ಗಾಡಿ ಬಾಡಿಗೆಯಲ್ಲಿ ಅವರ ಪಾಲಿಗೆ ಹೆಚ್ಚಾಗಿ ಬಿದ್ದದ್ದು 1800. ಒಟ್ಟು 4250. ಒಂದು ರಾತ್ರಿ ನಿದ್ದೆ ಬೇರೆ.

ಶನಿವಾರ ಊರಿಗೆ ಹೋದಾಗ ಜಗಲಿ ಮೇಲೆ ಕೂತಿದ್ದರು. ಬೈಯಲಿಲ್ಲ. "ಅಲ್ಲ ಕಣಪ್ಪ, ಎರಡು ದಿನ ನೀನು ಬರೀಲಿಲ್ಲ, ಸರಿ, ಪರೀಕ್ಷೆ ಅಂತೆ. ಬರೀಲಿಲ್ಲ ಅಂತ ಹಾಕಿದ್ರೆ ನಾನು ಯಾರನ್ನಾದ್ರೂ ಕೇಳ್ಕೊಂತಿದ್ದೆ. ಅದು ಯಾಕೆ ರೇಟು ಬಿದ್ದೋಯ್ತು ಅಂತ ಹಾಕಿದ್ದೆ?" ಅಂದರು.

ನಾನು ಹಾಗೆ ಹಾಕಿಲ್ಲ ದೊಡ್ಡಪ್ಪ, ಅದು ಕೋಡು ಅಂತ ಹೇಳೋಕೆ ಬಾಯಿ ತೆಗೆದೆ. ಹಾಕಿದ್ದು ನಾನೇ. ಹಳದಿ ಪೇಜ್ ಬಂದಿದ್ದರೆ ದೊಡ್ಡಪ್ಪ "ಥೂ, ಇದು ಕೆಟ್ಟೋಗೈತೆ" ಅಂತ ಫೋನ್ ಜೇಬಿಗಿಟ್ಟು ಪಕ್ಕದ ಮನೆಗೆ ಹೋಗಿ ಕೇಳ್ತಿದ್ದರು. ಎಕ್ಸಾಮಿನರ್ ಮುಂದೆ ನನ್ನ ಮಾನ ಕಳೆದ ಆ ಪೇಜೇ 4250 ರೂಪಾಯಿ ಉಳಿಸ್ತಿತ್ತು.

ಸೋಮವಾರ ನಾಲ್ಕೂ ತಾಲ್ಲೂಕು ಕ್ಯಾಂಟೀನಲ್ಲಿ ಸೇರಿದ್ವಿ. ನಾನು ಹೇಳಿದ ಮೇಲೆ ಗೌರಿಬಿದನೂರಿನವಳು ತನ್ನದೂ ಒಂದು ಕತೆ ಬಿಚ್ಚಿದಳು. ಅವಳಜ್ಜಿ ಹೆಸರನ್ನೂ ರೈತರ ಪಟ್ಟಿಗೆ ಸೇರಿಸಿದ್ದಳು. ಅಜ್ಜಿ ತನ್ನ ನಂಬರ್ ಹಾಕಿ ನೋಡಿದರೆ "ಇಂಥ ರೈತರು ಇಲ್ಲ" ಅಂತ ಬಂದಿದೆ. ಅಜ್ಜಿ ಫೋನ್ ಮಾಡಿ, "ನಾನೇ ಇಲ್ವಂತೆ ಕಣೇ, ನಿಮ್ಮ ಕಂಪ್ಯೂಟರ್ ಹೇಳ್ತೈತೆ" ಅಂತ ನಕ್ಕಿದ್ದಾರೆ. ನಾವು ಹುಡುಕಿ ನೋಡಿದರೆ ಅಜ್ಜಿ ಡೇಟಾಬೇಸಲ್ಲಿ ಗುಂಡುಕಲ್ಲಿನ ಹಾಗೆ ಇದ್ದಾರೆ. ಆಗಿದ್ದು ಇಷ್ಟು: ನಮ್ಮದು ಬಿಟ್ಟಿ ಸರ್ವರ್, ಸ್ವಲ್ಪ ಹೊತ್ತು ಯಾರೂ ಮುಟ್ಟದಿದ್ದರೆ ಡೇಟಾಬೇಸ್ ಮಲಗಿಬಿಡುತ್ತೆ. ಅಜ್ಜಿ ಕೇಳಿದಾಗ ಅದು ಇನ್ನೂ ಎದ್ದಿರಲಿಲ್ಲ, ಸಂಪರ್ಕವೇ ಸಿಗಲಿಲ್ಲ. ನನ್ನ ಹೆಸರಿಲ್ಲದ ಎಕ್ಸೆಪ್ಟ್ ಆ ಎರರನ್ನೂ ನುಂಗಿ, ರೈತರೇ ಇಲ್ಲ ಅಂತ ಹೇಳಿಬಿಡ್ತು. ಕೇಳಿ ಇಲ್ಲ ಅನ್ನಿಸಿಕೊಳ್ಳೋದು ಬೇರೆ, ಕೇಳೋಕೇ ಆಗದಿರೋದು ಬೇರೆ. ಮೊದಲನೆಯದಕ್ಕೆ 404, ಎರಡನೆಯದಕ್ಕೆ 503 ಅಂತ ಎಚ್‌ಟಿಟಿಪಿ ಮಾಡಿದವರು ಬೇರೆ ಬೇರೆ ನಂಬರ್ ಕೊಟ್ಟಿರೋದು ಅದಕ್ಕೇ.

ಅವಳೇ ಇನ್ನೊಂದು ಮಾತು ಹೇಳಿದಳು, ನನಗೆ ತುಂಬಾ ಹಿಡಿಸಿತು. ಗೌರಿಬಿದನೂರಿನ ಹತ್ತಿರ ಬಾಬಾ ಅಣು ಸಂಶೋಧನಾ ಕೇಂದ್ರದ ಭೂಕಂಪ ಮಾಪಕಗಳ ಸಾಲು ಇದೆ. 1960ರ ದಶಕದ ಮಧ್ಯದಲ್ಲಿ, ಬ್ರಿಟನ್ನಿನ ಅಣುಶಕ್ತಿ ಪ್ರಾಧಿಕಾರದ ಜೊತೆ ಸೇರಿ ಹಾಕಿದ್ದು, ದೂರದ ದೇಶಗಳಲ್ಲಿ ನೆಲದಡಿ ನಡೆಯೋ ಅಣುಪರೀಕ್ಷೆಗಳನ್ನೂ ಹಿಡಿಯೋಕೆ. ಗದ್ದೆ ಬಯಲಿನ ನಡುವೆ ಕೂತು ಇಡೀ ಭೂಮಿಗೆ ಕಿವಿಗೊಟ್ಟಿರೋ ಜಾಗ ನಮ್ಮ ಜಿಲ್ಲೇಲಿದೆ ಅನ್ನೋದು ನಮ್ಮಲ್ಲೇ ಎಷ್ಟೋ ಜನಕ್ಕೆ ಗೊತ್ತಿಲ್ಲ. "ಹಳೇ ಕಾಲದ ಭೂಕಂಪ ಮಾಪಕದಲ್ಲಿ ಕಾಗದದ ಮೇಲೆ ಪೆನ್ನು ಓಡ್ತಿತ್ತಲ್ಲ, ನೆಲ ಅಲ್ಲಾಡದಿದ್ರೆ ನೇರ ಗೆರೆ. ಪೆನ್ನಲ್ಲಿ ಇಂಕೇ ಖಾಲಿಯಾದ್ರೆ ಬರೀ ಕಾಗದ. ನೀನು ಮಾಡಿದ್ದು ಏನು ಗೊತ್ತಾ? ಬರೀ ಕಾಗದದ ಮೇಲೆ ಸ್ಕೇಲಿಟ್ಟು ಗೆರೆ ಎಳೆದೆ" ಅಂದಳು. ಟೀ ಗಂಟಲಲ್ಲೇ ನಿಂತಿತು.

(ಇದೂ ಒಂದು ಕಾಕತಾಳೀಯ. ಹೆಚ್ಚುಕಮ್ಮಿ ಅದೇ ಕಾಲಕ್ಕೆ, 1965ರಲ್ಲಿ, ಟೋನಿ ಹೋರ್ ಅಲ್ಗಾಲ್ ಡಬ್ಲ್ಯೂ ಭಾಷೆಗೆ ನಲ್ ರೆಫರೆನ್ಸ್ ತಂದರು. 2009ರಲ್ಲಿ ತಾವೇ ಅದನ್ನು ನೂರು ಕೋಟಿ ಡಾಲರಿನ ತಪ್ಪು ಅಂತ ಕರೆದರು. ನನ್ನದು 4250 ರೂಪಾಯಿಂದು.)

ಆಮೇಲೆ ಕೂತು ಬಿಚ್ಚಿ ಹೊಲಿಯೋಕೆ ಶುರು ಮಾಡಿದ್ವಿ. ಮೊದಲು ಹೆಸರಿಲ್ಲದ ಎಕ್ಸೆಪ್ಟ್‌ಗಳನ್ನೆಲ್ಲಾ ಕಿತ್ತೆ. ಒಬ್ಬ ರೈತನನ್ನು ಹುಡುಕೋ ಕಡೆ "ಡಸ್ ನಾಟ್ ಎಕ್ಸಿಸ್ಟ್" ಒಂದನ್ನೇ ಹಿಡಿಯೋದು. ಜಾಂಗೋದಲ್ಲಿ ಇದಕ್ಕೆ "ಗೆಟ್ ಆಬ್ಜೆಕ್ಟ್ ಆರ್ 404" ಅಂತ ರೆಡಿ ಸಾಧನವೇ ಇದೆ. ಎಕ್ಸಾಮಿನರ್ ಪ್ರಶ್ನೆಗೆ ಒಂದು ಸಾಲಿನ ಉತ್ತರ. ಬೇರೆ ಎರರ್ ಏನೇ ಬರಲಿ, ಅದು ನುಂಗಿಕೊಳ್ಳದೆ ಮೇಲೆ ಬರಬೇಕು, ಲಾಗಲ್ಲಿ ಬೀಳಬೇಕು. ಜನಕ್ಕೆ ಮಾತ್ರ ಹಳದಿ ಪೇಜ್ ಬದಲು "ಈಗ ಮಾಹಿತಿ ತರಲು ಆಗುತ್ತಿಲ್ಲ, ಸ್ವಲ್ಪ ಹೊತ್ತು ಬಿಟ್ಟು ನೋಡಿ" ಅನ್ನೋ ಪೇಜ್. ಅನಾಥ ಲಾಟಿನ ಮುಂದೆ "ರೈತರ ವಿವರ ತೆಗೆಯಲಾಗಿದೆ" ಅಂತ ಒಂದು ಸಾಲು, ಉಳಿದ ನಲವತ್ತು ಅದರ ಪಾಡಿಗೆ. ಮುಂದೆ ಯಾರೂ ಲಾಟು ಇರೋ ರೈತನನ್ನು ಡಿಲೀಟ್ ಮಾಡೋಕೇ ಆಗದ ಹಾಗೆ ಫಾರಿನ್ ಕೀಗೆ ಪ್ರೊಟೆಕ್ಟ್ ಹಾಕಿದ್ವಿ.

ದರದ ವಿಷಯದಲ್ಲಿ ಜಾಸ್ತಿ ಹೊತ್ತು ಹಿಡೀತು, ಯಾಕಂದ್ರೆ "ಇಲ್ಲ"ದಲ್ಲೂ ಬೇರೆ ಬೇರೆ ಇಲ್ಲಗಳಿವೆ. ಕಾಡ್ ತಮ್ಮ 1990ರ ಪುಸ್ತಕದಲ್ಲಿ ಒಂದು ನಲ್ ಸಾಲದು, ಎರಡು ಗುರುತು ಬೇಕು ಅಂದಿದ್ದರು. ಇರಬೇಕಾದದ್ದು ಆದರೆ ನಮಗೆ ಗೊತ್ತಿಲ್ಲ ಅನ್ನೋದು ಒಂದು, ಅಲ್ಲಿ ಇರೋ ಪ್ರಶ್ನೆಯೇ ಇಲ್ಲ ಅನ್ನೋದು ಇನ್ನೊಂದು. ಪುಸ್ತಕದಲ್ಲಿ ಓದಿದಾಗ ಕೂದಲು ಸೀಳೋ ಕೆಲಸ ಅನ್ನಿಸಿತ್ತು. ಆದರೆ ಗೂಡಿನ ಮಾರುಕಟ್ಟೆಗೆ ಹಾಕಿ ನೋಡಿ. ನಮ್ಮ ಕಡೆ ಹೆಚ್ಚಾಗಿ ಮಿಶ್ರತಳಿ ಗೂಡು. ಒಂದು ದಿನ ದ್ವಿತಳಿ ಲಾಟೇ ಬರಲಿಲ್ಲ ಅಂದರೆ ಆ ದಿನಕ್ಕೆ ದ್ವಿತಳಿ ದರ ಅನ್ನೋದೇ ಇಲ್ಲ. ನಾನು ಫೋನ್ ಮಾಡಲಿಲ್ಲ ಅಂದರೆ ದರ ಇದೆ, ನಮ್ಮ ಹತ್ತಿರ ಇಲ್ಲ. ಎರಡೂ ಟೇಬಲಲ್ಲಿ ಒಂದೇ ಥರ ಖಾಲಿ. ರೈತನಿಗೆ ಮಾತ್ರ ಅಜಗಜಾಂತರ. ಮೊದಲನೆಯದಕ್ಕೆ ಅವನು ಬೇರೆ ಮಾರುಕಟ್ಟೆ ನೋಡಬೇಕು, ಎರಡನೆಯದಕ್ಕೆ ಪಕ್ಕದ ಮನೆಯವರನ್ನು ಕೇಳಿದರೆ ಸಾಕು. ಹಾಗಾಗಿ "ಲಾಟು ಬಂದಿಲ್ಲ", "ಮಾರುಕಟ್ಟೆ ರಜ" ಅನ್ನೋದನ್ನು ನಾವೇ ಬರೆದಿಡೋ ಹಾಗೆ ಒಂದು ಕಾಲಂ ಸೇರಿಸಿದ್ವಿ. ಸಾಲೇ ಇಲ್ಲದಿದ್ದರೆ ಅದಕ್ಕೆ ಒಂದೇ ಅರ್ಥ, ನಾವು ಬರೆದಿಲ್ಲ. ಸರಾಸರಿ ಕೆಳಗೆ "7ರಲ್ಲಿ 5 ದಿನದ ದರದಿಂದ" ಅಂತ ಸಣ್ಣ ಅಕ್ಷರದಲ್ಲಿ ಬರುತ್ತೆ. ನಾಲ್ಕು ದಿನಕ್ಕಿಂತ ಕಮ್ಮಿ ಇದ್ದರೆ ಸರಾಸರಿ ತೋರಿಸೋದೇ ಇಲ್ಲ. ಗ್ರಾಫಿನ ಗೆರೆ ಈಗ ನಡುವೆ ಕಡಿಯುತ್ತೆ. ಚಿಂತಾಮಣಿಗೆ ಇವತ್ತಿಗೂ ಅದು ಕಣ್ಣಿಗೆ ಚುಚ್ಚುತ್ತೆ.

ಇಷ್ಟೆಲ್ಲಾ ಆದ ಮೇಲೂ ಕೆಲವರು "ಇಲ್ಲ" ಅಂತ ಬರ್ತಿದ್ದರು. ಕಾರಣ ನಮ್ಮ ಊರುಗಳ ಹೆಸರು! ಶಿಡ್ಲಘಟ್ಟವನ್ನು ಇಂಗ್ಲಿಷಲ್ಲಿ ಎಸ್ ಆದ ಮೇಲೆ ಎಚ್ ಹಾಕಿ ಬರೆಯೋರಿದ್ದಾರೆ, ಹಾಕದೆ ಬರೆಯೋರಿದ್ದಾರೆ, ಡಿ ಒಂದು ಹಾಕೋರು, ಎರಡು ಹಾಕೋರು. ಗೌರಿಬಿದನೂರಿನ ಗೌಗೆ ಎ ಯು ಒಬ್ಬರಿಗೆ, ಓ ಡಬ್ಲ್ಯೂ ಇನ್ನೊಬ್ಬರಿಗೆ. ಚಿಕ್ಕಬಳ್ಳಾಪುರದ ಕಥೆ ಕೇಳಲೇಬೇಡಿ. ಚಿಂತಾಮಣಿಯವನೊಬ್ಬನೇ ಎದೆಯುಬ್ಬಿಸಿ ಓಡಾಡ್ತಿದ್ದ, ಅವನೂರಿಗೆ ಒಂದೇ ಸ್ಪೆಲಿಂಗು. ಅದೂ ಸಾಲದು ಅಂತ ಜಿಲ್ಲೆ. ಚಿಕ್ಕಬಳ್ಳಾಪುರ ಕೋಲಾರದಿಂದ ಬೇರೆಯಾಗಿ ಜಿಲ್ಲೆ ಆಗಿದ್ದು 2007ರಲ್ಲಿ. ನನ್ನ ಜನನ ಪ್ರಮಾಣಪತ್ರದಲ್ಲಿ ಇವತ್ತಿಗೂ ಕೋಲಾರ ಜಿಲ್ಲೆ ಅಂತಲೇ ಇದೆ. ಮನೆ ಒಂದಿಂಚೂ ಜರುಗಿಲ್ಲ, ಜಿಲ್ಲೆ ಮಾತ್ರ ಬದಲಾಯಿತು. ಹಳೇ ಕಾಗದ ನೋಡಿ ವಿಳಾಸ ತುಂಬಿದವರೆಲ್ಲಾ ಕೋಲಾರ ಅಂತ ಬರೆದಿದ್ದರು, ನಮ್ಮ ಕೋಡು ಚಿಕ್ಕಬಳ್ಳಾಪುರ ಅಂತ ಹುಡುಕ್ತಿತ್ತು. ಇವರ್ಯಾರೂ ಕಾಣೆಯಾಗಿರಲಿಲ್ಲ. ನಾವು ಕೂಗಿದ ಹೆಸರು ಬೇರೆ, ಅಷ್ಟೇ. ಈಗ ಊರನ್ನು ಟೈಪ್ ಮಾಡೋ ಹಾಗಿಲ್ಲ, ಪಟ್ಟಿಯಿಂದ ಆರಿಸಬೇಕು. "ಇಲ್ಲ" ಅನ್ನೋ ಪೇಜಲ್ಲೂ "ಈ ನಂಬರಿನಲ್ಲಿ ನಮಗೆ ಯಾರೂ ಸಿಗಲಿಲ್ಲ. ನಂಬರ್ ಒಮ್ಮೆ ಸರಿನೋಡಿ, ಇಲ್ಲವೇ ಹೊಸದಾಗಿ ಸೇರಿಸಿ" ಅಂತ ಇದೆ. "ಇಂಥ ರೈತರು ಇಲ್ಲ" ಅನ್ನೋ ಸಾಲನ್ನು ಗೌರಿಬಿದನೂರಿನವಳು ತನ್ನ ಕೈಯಾರೆ ಅಳಿಸಿದಳು, ಅಜ್ಜಿ ಹೆಸರಲ್ಲಿ.

ದೊಡ್ಡಪ್ಪನಿಗೆ ದುಡ್ಡು ಕೊಡೋಕೆ ಹೋದೆ, ಟ್ಯೂಷನ್ ಹೇಳಿ ಕೂಡಿಟ್ಟಿದ್ದು ಎರಡು ಸಾವಿರ ಇತ್ತು. ಮುಟ್ಟಲಿಲ್ಲ. "ಮುಂದಿನ ಬೆಳೆಗೆ ಸರಿಯಾಗಿ ಬರಿ ಸಾಕು" ಅಂದರು. ಮುಂದಿನ ಬೆಳೆಗೆ ಸೈಟ್ ನೋಡಿದರೋ ಇಲ್ಲವೋ, ಕೇಳೋ ಧೈರ್ಯ ಇನ್ನೂ ಬಂದಿಲ್ಲ.

ಅಪ್ಪ ಮಾತ್ರ ದಿನಾ ನೋಡ್ತಾರೆ. ಲ್ಯಾಬ್ ರೆಕಾರ್ಡ್ ಬರೆಯೋ ಗಲಾಟೆಯಲ್ಲಿ ಕಳೆದ ವಾರ ಮತ್ತೆ ಮರೆತಿದ್ದೆ. ರಾತ್ರಿ ಒಂಬತ್ತಕ್ಕೆ ಫೋನ್ ಬಂತು.

"ಏನೋ, ಇವತ್ತಿನ ದರ ಇನ್ನೂ ಬಂದಿಲ್ಲ ಅಂತ ತೋರಿಸ್ತೈತೆ ನಿಂದು. ಕೊನೇದು ನಿನ್ನೆ, 512 ಅಂತೈತೆ."

"ಹೂಂ ಅಪ್ಪ, ಮರೆತೋಯ್ತು."

"ಬರ್ಕೋ, ಹೇಳ್ತೀನಿ. ಐನೂರ ಎಂಟು."